ಹೊಳೆ ದಾಟಿದರೆ ಕಡಲು: ಮಂಗಳೂರಿನಲ್ಲಿ ಓಡಾಡುವ ಬಗೆ

ಮಂಗಳೂರನ್ನು ಕಡಲ ತಡಿಯ ಊರು ಅನ್ನುತ್ತೇವೆ. ಆದರೆ ರೈಲೋ ಬಸ್ಸೋ ಇಳಿದು ಪೇಟೆಯ ನಡುವಿನ ಹಂಪನಕಟ್ಟೆಯಲ್ಲಿ ನಿಂತು ಎಷ್ಟು ಕಣ್ಣಾಡಿಸಿದರೂ ಕಡಲು ಕಾಣುವುದಿಲ್ಲ. ಪಡುವಣಕ್ಕೆ ನಡೆಯುತ್ತಾ ಹೋದರೆ ರಥಬೀದಿ ದಾಟಿ, ಬಂದರಿನ ದಿನಸಿ, ಒಣಮೆಣಸಿನ ಸಗಟು ಅಂಗಡಿಗಳನ್ನು ದಾಟಿ ನೀರಿನ ಅಂಚೇನೋ ಸಿಗುತ್ತದೆ. ಆ ನೀರು ಹೊಳೆಯದು. ಕಡಲು ಇನ್ನೂ ಆಚೆಗಿದೆ.

ಗುರುಪುರ ಹೊಳೆ, ಅಂದರೆ ಫಲ್ಗುಣಿ, ಮೂಡಣದಿಂದ ಹರಿದು ಬಂದು ಕೂಳೂರಿನ ಹತ್ತಿರ ಇನ್ನೇನು ಕಡಲು ಮುಟ್ಟಿತು ಅನ್ನುವಾಗ ತೆಂಕಣಕ್ಕೆ ತಿರುಗಿಬಿಡುತ್ತದೆ. ಅಲ್ಲಿಂದ ಕಡಲ ಮಗ್ಗುಲಲ್ಲೇ ಕೆಲವು ಕಿಲೋಮೀಟರ್ ಸಾಗಿ, ತೆಂಕಣ ಅಂಚಿನಲ್ಲಿ ಬರುವ ನೇತ್ರಾವತಿಯ ಜೊತೆ ಒಂದೇ ಅಳಿವೆ ಬಾಗಿಲಲ್ಲಿ ಕಡಲು ಸೇರುತ್ತದೆ. ಹೊಳೆಗೂ ಕಡಲಿಗೂ ನಡುವೆ ಉಳಿದ ಉದ್ದನೆಯ ಮರಳ ಪಟ್ಟಿಯೇ ತಣ್ಣೀರುಬಾವಿ ಮತ್ತು ಬೆಂಗ್ರೆ. ಹಳೆಯ ಮಂಗಳೂರು ಈ ಎರಡು ಹೊಳೆಗಳ ನಡುವೆ, ಮುರಕಲ್ಲಿನ ಗುಡ್ಡಗಳ ಮೇಲೆ ಬೆಳೆದ ಊರು. ಹಾಗಾಗಿ ಇಲ್ಲಿ ಯಾವ ಬೀಚಿಗೆ ಹೊರಟರೂ ಒಂದು ಹೊಳೆ ದಾಟಲೇಬೇಕು. ಬಡಗಣದ ಪಣಂಬೂರು, ತಣ್ಣೀರುಬಾವಿ, ಸುರತ್ಕಲ್‌ಗೆ ಕೂಳೂರು ಸೇತುವೆ. ತೆಂಕಣದ ಉಳ್ಳಾಲ, ಸೋಮೇಶ್ವರಕ್ಕೆ ನೇತ್ರಾವತಿ ಸೇತುವೆ. ಇವೆರಡೂ ಬೇಡವೆಂದರೆ ದೋಣಿ.

ಈ ಒಂದು ಸಂಗತಿ ತಲೆಯಲ್ಲಿದ್ದರೆ ಮಂಗಳೂರಿನ ಓಡಾಟ ಅರ್ಧಕ್ಕರ್ಧ ಸಲೀಸು. ನಕಾಶೆಯಲ್ಲಿ ಪಣಂಬೂರಿಗೂ ಸೋಮೇಶ್ವರಕ್ಕೂ ಹೆಚ್ಚು ದೂರ ಕಾಣುವುದಿಲ್ಲ, ಎರಡೂ ಪೇಟೆಯಿಂದ ಹತ್ತು ಹನ್ನೆರಡು ಕಿಲೋಮೀಟರ್. ಆದರೆ ಒಂದು ಬಡಗಣ ಹೊಳೆಯಾಚೆ, ಇನ್ನೊಂದು ತೆಂಕಣ ಹೊಳೆಯಾಚೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಎರಡು ಸೇತುವೆಗಳನ್ನೂ, ನಡುವಿನ ಕೊಟ್ಟಾರ ಚೌಕಿ, ನಂತೂರು, ಪಂಪ್‌ವೆಲ್‌ಗಳನ್ನೂ ದಾಟಬೇಕು. ಸಂಜೆ ಐದರಿಂದ ಎಂಟರವರೆಗೆ ಇವು ಊರಿನಲ್ಲೇ ಅತಿ ಹೆಚ್ಚು ವಾಹನ ಸಿಕ್ಕಿಬೀಳುವ ಜಾಗಗಳು. ಪಣಂಬೂರಿನಲ್ಲಿ ಅರ್ಧ ತಾಸು ಕಳೆದು ಸೂರ್ಯ ಮುಳುಗುವುದನ್ನು ಸೋಮೇಶ್ವರದ ಬಂಡೆಯ ಮೇಲಿಂದ ನೋಡೋಣ ಎಂದು ಹೊರಟವರು ಸೂರ್ಯ ಮುಳುಗುವುದನ್ನು ನಂತೂರಿನ ಸಿಗ್ನಲ್‌ನಿಂದಲೇ ನೋಡಬೇಕಾಗುತ್ತದೆ. ದಿನಕ್ಕೊಂದು ದಿಕ್ಕು, ಒಂದೇ ಹೊಳೆ ಎಂದು ಇಟ್ಟುಕೊಂಡವರು ಎರಡೇ ದಿನ ಉಳಿದರೂ ಊರು ನೋಡಿದ ತೃಪ್ತಿಯಲ್ಲಿ ಹೋಗುತ್ತಾರೆ.

ಇನ್ನು ಬಿಸಿಲಿನ ಲೆಕ್ಕ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇಲ್ಲಿ ಬರಲು ಒಳ್ಳೆಯ ಕಾಲ, ಆಕಾಶ ತಿಳಿಯಾಗಿರುತ್ತದೆ, ಮಳೆ ಇಲ್ಲವೇ ಇಲ್ಲ ಅನ್ನಬಹುದು. ಆದರೆ ಚಳಿಗಾಲ ಎಂಬ ಹೆಸರು ನಂಬಿ ಬರಬೇಡಿ. ಜನವರಿಯ ಮಧ್ಯಾಹ್ನವೂ 32-33 ಡಿಗ್ರಿ ಇರುತ್ತದೆ, ಬೆಳಗಿನ ಜಾವ ಮಾತ್ರ 20-21ಕ್ಕೆ ಇಳಿಯುತ್ತದೆ. ಬಯಲುಸೀಮೆಯವರಿಗೆ 33 ಡಿಗ್ರಿ ಒಂದು ಬಿಸಿಲೇ ಅಲ್ಲ ಅನ್ನಿಸಬಹುದು. ವ್ಯತ್ಯಾಸ ಇರುವುದು ಗಾಳಿಯ ತೇವದಲ್ಲಿ. ರಾಯಚೂರಿನಲ್ಲಿ ಬೆವರು ಬಂದಂತೆಯೇ ಆರಿ ಮೈ ತಂಪಾಗುತ್ತದೆ. ಇಲ್ಲಿ ಬೆವರು ಆರುವುದಿಲ್ಲ, ಮೈಗೆ ಅಂಟಿಕೊಂಡೇ ಇರುತ್ತದೆ, ದೇಹದ ಬಿಸಿ ಹೊರಗೆ ಹೋಗುವುದಿಲ್ಲ. ಹತ್ತು ನಿಮಿಷ ಗುಡ್ಡ ಹತ್ತಿದರೆ ಅಂಗಿ ಒದ್ದೆ. ಏಪ್ರಿಲ್, ಮೇ ತಿಂಗಳಲ್ಲಿ ಇದು ಇನ್ನೂ ಕಷ್ಟ. ಜೀನ್ಸ್ ಬಿಟ್ಟು ತೆಳು ಹತ್ತಿಬಟ್ಟೆ ತನ್ನಿ, ದಿನಕ್ಕೆರಡು ಅಂಗಿ ಎಂದೇ ಲೆಕ್ಕ ಹಾಕಿ. ಕೊಡೆ ಇಲ್ಲಿ ಮಳೆಗೆ ಎಷ್ಟೋ ಬಿಸಿಲಿಗೂ ಅಷ್ಟೇ, ಹಿಡಿದು ನಡೆದರೆ ಯಾರೂ ತಿರುಗಿ ನೋಡುವುದಿಲ್ಲ.

ನೀರಿನ ಜೊತೆ ಉಪ್ಪೂ ಹೋಗುವುದರಿಂದ ಬರೀ ನೀರು ಕುಡಿದರೆ ತಲೆನೋವು ಬಿಡುವುದಿಲ್ಲ. ಮಜ್ಜಿಗೆಗೋ ನಿಂಬೆ ಶರಬತ್ತಿಗೋ ಒಂದು ಚಿಟಿಕೆ ಉಪ್ಪು ಹಾಕಿಸಿ. ಇಲ್ಲವಾದರೆ ಬೊಂಡ ಕುಡಿಯಿರಿ, ಎಳನೀರಿಗೆ ಇಲ್ಲಿ ಬೊಂಡ ಅಂತಲೇ ಹೆಸರು. ಎಳನೀರು, ಗಂಜಿ, ಸಕ್ಕರೆ ಸೇರಿಸಿ ಮಾಡುವ ಬೊಂಡ ಶರಬತ್ತು ರುಚಿ ನೋಡಲೇಬೇಕಾದದ್ದು, ಆದರೆ ಅದು ನಾಲಗೆಗೆ, ದಣಿವಿಗೆ ಅಲ್ಲ. ಪುನರ್ಪುಳಿ, ಅಂದರೆ ಕೋಕಂ ಹಣ್ಣಿನ ಪಾನಕ ಎರಡಕ್ಕೂ ಆಗುತ್ತದೆ.

ದಿನದ ಗಾಳಿಗೂ ಒಂದು ಕ್ರಮವಿದೆ. ರಾತ್ರಿ ನೆಲ ಬೇಗ ತಣಿದು, ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಗಾಳಿ ಬಹುಪಾಲು ನಿಂತೇ ಇರುತ್ತದೆ, ಸೆಕೆ ಅತಿ ಹೆಚ್ಚು ಅನ್ನಿಸುವುದು ಆಗಲೇ. ನೆಲ ಕಾದ ಮೇಲೆ, ಹನ್ನೊಂದು ಹನ್ನೆರಡರ ಸುಮಾರಿಗೆ, ಕಡಲ ಗಾಳಿ ಶುರುವಾಗಿ ಸಂಜೆಯವರೆಗೂ ಇರುತ್ತದೆ. ಗುಡ್ಡದ ನೆತ್ತಿಗೆ ಅದು ಚೆನ್ನಾಗಿ ತಾಗುತ್ತದೆ, ಕಟ್ಟಡಗಳ ನಡುವಿನ ತಗ್ಗಿಗೆ ತಲಪುವುದು ಕಡಿಮೆ. ಲೈಟ್‌ಹೌಸ್ ಹಿಲ್ ಮೇಲೆ ನಿಂತವರಿಗೆ ಹಿತವಾಗಿರುವ ಹೊತ್ತಿನಲ್ಲೇ ಕೆಳಗೆ ಹಂಪನಕಟ್ಟೆಯಲ್ಲಿ ನಿಂತವರು ಬೇಯುತ್ತಿರುತ್ತಾರೆ.

ಇದಕ್ಕೆ ತಕ್ಕ ಹಾಗೆ ದಿನವನ್ನು ಜೋಡಿಸಿಕೊಳ್ಳಬೇಕು. ಬೆಳಿಗ್ಗೆ ಆರರಿಂದ ಒಂಬತ್ತೂವರೆವರೆಗೆ ತೆರೆದ ಜಾಗಗಳು: ಮೀನಿನ ಬೋಟುಗಳು ಬಂದು ನಿಲ್ಲುವ ಧಕ್ಕೆ, ರಥಬೀದಿ, ಕದ್ರಿ. ಹತ್ತರಿಂದ ಮೂರೂವರೆವರೆಗೆ ಸೂರಿನ ಕೆಳಗೆ. ನಾಲ್ಕರ ನಂತರ ಹೊಳೆಯಾಚೆಯ ಕಡಲು. ಬೇಗ ಏಳುವವರು ಇದನ್ನು ತಿರುಗಿಸಿ ಬೆಳಿಗ್ಗೆಯೇ ಕಡಲಿಗೆ ಹೋಗುವುದು ಇನ್ನೂ ಒಳ್ಳೆಯದು. ಇಲ್ಲಿನ ಬೀಚುಗಳೆಲ್ಲ ಪಡುವಣಕ್ಕೆ ಮುಖ ಮಾಡಿವೆ. ಗಾಳಿಮರದ ತೋಪು ದಡದ ಮೂಡಣ ಬದಿಗಿದೆ. ಬೆಳಿಗ್ಗೆ ಸೂರ್ಯ ಮರಗಳ ಹಿಂದಿರುವುದರಿಂದ ನೆರಳು ಮರಳಿನ ಮೇಲೆ ಬೀಳುತ್ತದೆ, ಕಡಲ ನೀರಿನ ಬಣ್ಣವೂ ಸರಿಯಾಗಿ ಕಾಣುತ್ತದೆ. ಮಧ್ಯಾಹ್ನದ ನಂತರ ಅದೇ ನೆರಳು ರಸ್ತೆಯ ಕಡೆ ಬೀಳುತ್ತದೆ, ಮರಳಿಗೆ ಸೂರ್ಯ ಮುಳುಗುವವರೆಗೂ ಆಸರೆ ಇಲ್ಲ. ಮೂರು ಗಂಟೆಗೆ ಮಕ್ಕಳನ್ನು ಕರೆದುಕೊಂಡು ಬೀಚಿಗೆ ಹೋಗುವವರನ್ನು ಕಂಡರೆ ಸಂಕಟವಾಗುತ್ತದೆ, ಬರಿಗಾಲಲ್ಲಿ ಆ ಮರಳಿನ ಮೇಲೆ ಹತ್ತು ಹೆಜ್ಜೆ ಇಡಲಾಗುವುದಿಲ್ಲ. ಸೂರ್ಯ ಮುಳುಗುವುದು ನವೆಂಬರ್ ಕೊನೆಯಲ್ಲಿ ಆರರ ಆಸುಪಾಸು, ಫೆಬ್ರವರಿಯಲ್ಲಿ ಆರೂವರೆ, ಮೇ ಕೊನೆಗೆ ಏಳಕ್ಕೆ ಸ್ವಲ್ಪ ಮುಂಚೆ. ಅದಕ್ಕೆ ಒಂದೂವರೆ ತಾಸು ಮುಂಚೆ ಪೇಟೆ ಬಿಟ್ಟರೆ ಸಾಕು.

ಓಡಾಟಕ್ಕೆ ಇಲ್ಲಿ ಸಿಟಿ ಬಸ್ಸಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಬೆಂಗಳೂರಿನಿಂದ ಬಂದವರು ಒಂದು ಮಾತು ಗಮನಿಸಬೇಕು, ಇಲ್ಲಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವರದು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಲ್ಲಿ ಮಾತ್ರ, ಖಾಸಗಿ ಬಸ್ಸಿನಲ್ಲಿ ಹೆಂಗಸರೂ ಟಿಕೆಟ್ ಕೊಳ್ಳಬೇಕು. ಚಿಲ್ಲರೆ ಇಟ್ಟುಕೊಳ್ಳಿ. ಐನೂರರ ನೋಟು ಹಿಡಿದರೆ ನಿರ್ವಾಹಕರು ಬೈಯುವುದಿಲ್ಲ, ಆದರೆ ಬಾಕಿ ಹಣಕ್ಕಾಗಿ ಕೊನೆಯ ಸ್ಟಾಪಿನವರೆಗೂ ಕಾಯಬೇಕಾದೀತು.

ಎಲ್ಲ ಬಸ್ಸುಗಳ ಮೂಲ ಸ್ಟೇಟ್‌ಬ್ಯಾಂಕ್. ಬ್ಯಾಂಕಿನ ಕಚೇರಿಯ ಎದುರಿನ ನಿಲ್ದಾಣಕ್ಕೇ ಆ ಹೆಸರು ಬಿದ್ದಿದೆ. ಅಲ್ಲಿಂದ ದಾರಿಗಳು ಬೀಸಣಿಗೆಯ ಕಡ್ಡಿಗಳ ಹಾಗೆ ಹರಡಿಕೊಳ್ಳುತ್ತವೆ. ಬಡಗಣಕ್ಕೆ ಪಿವಿಎಸ್, ಲಾಲ್‌ಬಾಗ್, ಲೇಡಿಹಿಲ್, ಕೊಟ್ಟಾರ ಚೌಕಿ, ಕೂಳೂರು, ಪಣಂಬೂರು, ಬೈಕಂಪಾಡಿ, ಸುರತ್ಕಲ್. ತೆಂಕಣಕ್ಕೆ ಕಂಕನಾಡಿ, ಪಂಪ್‌ವೆಲ್, ಜೆಪ್ಪಿನಮೊಗರು, ಸೇತುವೆ ದಾಟಿ ತೊಕ್ಕೊಟ್ಟು, ಅಲ್ಲಿಂದ ಉಳ್ಳಾಲ, ಸೋಮೇಶ್ವರ, ದೇರಳಕಟ್ಟೆ. ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಅಡ್ಡ ಹಾಯುವ ಬಸ್ಸು ಕಡಿಮೆ. ಅನುಮಾನ ಬಂದರೆ ಸ್ಟೇಟ್‌ಬ್ಯಾಂಕ್‌ಗೆ ವಾಪಸ್ ಬಂದು ಬೇರೆ ಬಸ್ಸು ಹಿಡಿಯುವುದೇ ಬಹಳ ಸಲ ಬೇಗ ತಲಪುವ ದಾರಿ.

ಬಸ್ಸಿನ ಹಣೆಯ ಮೇಲೆ ನಂಬರ್, ಅದರ ಪಕ್ಕ ಕೆಲವೊಮ್ಮೆ ಒಂದು ಅಕ್ಷರ ಇರುತ್ತದೆ. ಹೊಸಬರು ನಂಬರ್ ನೋಡಿ ಹತ್ತಿ ಎಡವುವುದು ಇಲ್ಲೇ. ಅದೇ ನಂಬರಿನ ಬಸ್ಸು ಅಕ್ಷರ ಬದಲಾದರೆ ಕೊನೆಯ ಎರಡು ಮೂರು ಕಿಲೋಮೀಟರ್ ಬೇರೆ ಊರಿನ ಕಡೆ ತಿರುಗುತ್ತದೆ. ಹತ್ತುವ ಮುಂಚೆ ಇಳಿಯುವ ಜಾಗದ ಹೆಸರು ಹೇಳಿ ಕೇಳಿಬಿಡಿ. ಊರೊಳಗಿನ ಸಿಟಿ ಬಸ್ಸು, ಹೊರಗಿನ ಊರುಗಳಿಗೆ ಹೋಗುವ ಸರ್ವಿಸ್ ಬಸ್ಸು, ಕೆಲವೇ ಕಡೆ ನಿಲ್ಲುವ ಎಕ್ಸ್‌ಪ್ರೆಸ್ ಎಂಬ ವ್ಯತ್ಯಾಸವೂ ಗೊತ್ತಿರಲಿ. ಸುರತ್ಕಲ್‌ಗೆ ಹೋಗುವವರು ಉಡುಪಿ ಕಡೆಯ ಬಸ್ಸು ಹತ್ತಬಹುದು, ಪಣಂಬೂರಿಗೆ ಸಿಟಿ ಬಸ್ಸೇ ಸರಿ, ಎಕ್ಸ್‌ಪ್ರೆಸ್ ಎಲ್ಲ ಸ್ಟಾಪಿನಲ್ಲೂ ನಿಲ್ಲುವುದಿಲ್ಲ.

ಒಳಗೆ ನಡೆಯುವ ಮಾತು ಹೆಚ್ಚಾಗಿ ತುಳು. ‘ಓಡೆಗ್?’ ಎಂದರೆ ಎಲ್ಲಿಗೆ, ‘ದುಂಬು ಪೋಲೆ’ ಎಂದರೆ ಮುಂದೆ ಹೋಗಿ, ‘ಜಪ್ಪುಲೆ’ ಎಂದರೆ ಇಳಿಯಿರಿ. ಇಳಿಯಬೇಕಾದಾಗ ‘ಜಪ್ಪರೆ ಉಂಡು’ ಎಂದು ಸ್ವಲ್ಪ ಗಟ್ಟಿಯಾಗಿ ಹೇಳಿದರೆ ಸೀಟಿ ಊದುತ್ತಾರೆ. ಕನ್ನಡದಲ್ಲೇ ಹೇಳಿದರೂ ಏನೂ ತೊಂದರೆ ಇಲ್ಲ, ಕನ್ನಡ ತಿಳಿಯದ ನಿರ್ವಾಹಕರು ಇಲ್ಲಿಲ್ಲ. ಮುಖ್ಯವಾದದ್ದು ಸ್ಟಾಪು ಬರುವ ಮುಂಚೆಯೇ ಎದ್ದು ಬಾಗಿಲ ಹತ್ತಿರ ನಿಲ್ಲುವುದು. ಬಸ್ಸು ನಿಲ್ಲುವುದು ಕೆಲವೇ ಸೆಕೆಂಡು. ಹಿಂದಿನ ಬಸ್ಸು ಇವರನ್ನು ಹಿಂದಿಕ್ಕಿದರೆ ಮುಂದಿನ ಸ್ಟಾಪಿನ ಜನರೆಲ್ಲ ಅದಕ್ಕೇ ಹತ್ತಿಬಿಡುತ್ತಾರೆ, ಆ ಅವಸರವೇ ಈ ಓಟಕ್ಕೆ ಕಾರಣ. ವಯಸ್ಸಾದವರು ಜೊತೆಗಿದ್ದರೆ ಹತ್ತುವಾಗಲೇ ನಿರ್ವಾಹಕರಿಗೆ ಹೇಳಿ, ಖಂಡಿತ ನಿಲ್ಲಿಸಿ ಇಳಿಸುತ್ತಾರೆ.

ರಾತ್ರಿ ಎಂಟರ ನಂತರ ಬಸ್ಸುಗಳು ತೀರಾ ವಿರಳ. ಭಾನುವಾರವೂ ಹಾಗೆಯೇ. ಇದು ಗೊತ್ತಿಲ್ಲದೆ ಸೋಮೇಶ್ವರದಲ್ಲಿ ಕತ್ತಲಾಗುವವರೆಗೆ ಕೂತವರು ತೊಕ್ಕೊಟ್ಟಿನವರೆಗೆ ಆಟೊ ಮಾಡಿಕೊಂಡು ಬಂದು, ಅಲ್ಲಿ ತಲಪಾಡಿ ಕಡೆಯಿಂದ ಬರುವ ಬಸ್ಸಿಗೆ ಕಾಯಬೇಕಾಗುತ್ತದೆ.

ಆಟೊಗಳಲ್ಲಿ ಮೀಟರ್ ಹಾಕುವ ರೂಢಿ ಈ ಊರಿನಲ್ಲಿ ಉಳಿದಿದೆ, ಅದು ಸಣ್ಣ ಮಾತಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಮೀಟರಿನ ಒಂದೂವರೆ ಪಾಲು. ಹೊಳೆಯಾಚೆ ಹೋಗುವಾಗ ಮಾತ್ರ, ಹಿಂದಿರುಗಲು ಬಾಡಿಗೆ ಸಿಗದ ಜಾಗವಾದರೆ, ಒಟ್ಟು ಎಷ್ಟು ಎಂದು ಹತ್ತುವಾಗಲೇ ಮಾತಾಡಿಕೊಳ್ಳಿ. ಜಾಗಗಳಿಗೆ ಜನರು ಕರೆಯುವ ಹೆಸರನ್ನೇ ಹೇಳಬೇಕು. ಫಲಕದಲ್ಲಿ ಅಂಬೇಡ್ಕರ್ ವೃತ್ತ, ಬಾಯಲ್ಲಿ ‘ಜ್ಯೋತಿ’, ಅಲ್ಲಿದ್ದ ಟಾಕೀಸಿನ ಹೆಸರು. ಫಲಕದಲ್ಲಿ ನಾರಾಯಣ ಗುರು ವೃತ್ತ, ಬಾಯಲ್ಲಿ ‘ಲೇಡಿಹಿಲ್’. ಫೋನಿನ ನಕಾಶೆ ಒಂದು ಹೇಳುತ್ತದೆ, ಚಾಲಕರು ಇನ್ನೊಂದು ಹೇಳುತ್ತಾರೆ, ಎರಡೂ ಒಂದೇ ಜಾಗ.

ನಡೆಯುವುದಾದರೆ ನಕಾಶೆಯಲ್ಲಿ ದೂರ ಮಾತ್ರ ನೋಡಬೇಡಿ, ಏರನ್ನೂ ನೋಡಿ. ಹಂಪನಕಟ್ಟೆಯಿಂದ ಲೈಟ್‌ಹೌಸ್ ಹಿಲ್‌ಗೆ ದೂರ ಏನೂ ಇಲ್ಲ, ಆದರೆ ಪೂರ್ತಿ ಏರು. ಆದ್ದರಿಂದ ಮೇಲಿನ ಜಾಗಕ್ಕೆ ಬಸ್ಸಿನಲ್ಲೋ ಆಟೊದಲ್ಲೋ ಹೋಗಿ ಕೆಳಗೆ ನಡೆದು ಬರುವುದು ಜಾಣತನ. ಜ್ಯೋತಿಯಲ್ಲಿ ಇಳಿದರೆ ಲೈಟ್‌ಹೌಸ್ ಹಿಲ್, ಸಂತ ಅಲೋಶಿಯಸ್ ಚಾಪೆಲ್ ನೋಡಿಕೊಂಡು ಹಂಪನಕಟ್ಟೆಯವರೆಗೂ ಇಳಿಜಾರಿನಲ್ಲೇ ಬರಬಹುದು.

ಈ ಚಾಪೆಲ್ ಬಿಸಿಲಿನ ಹೊತ್ತಿಗೆಂದೇ ಹೇಳಿ ಮಾಡಿಸಿದ ಜಾಗ, ಮಂಗಳೂರಿನಲ್ಲಿ ಒಂದೇ ಕಟ್ಟಡದ ಒಳಗೆ ಹೋಗಲು ಸಮಯವಿದ್ದರೆ ಇದಕ್ಕೇ ಹೋಗಿ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಬ್ರದರ್ 1899ರಿಂದ 1901ರ ನಡುವೆ ಇದರ ಗೋಡೆ, ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದರು. ಗೋಡೆಯ ಚಿತ್ರಗಳು ಫ್ರೆಸ್ಕೊ ವಿಧಾನದವು: ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು, ಗಾರೆ ಒಣಗುತ್ತಾ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಆ ದಿನ ಎಷ್ಟು ಬರೆಯಲಾಗುತ್ತದೋ ಅಷ್ಟೇ ಅಗಲಕ್ಕೆ ಗಾರೆ ಬಳಿಯಬೇಕು, ತಪ್ಪಾದರೆ ಕೆತ್ತಿ ತೆಗೆದು ಮತ್ತೆ ಮೊದಲಿಂದ. ಉಪ್ಪು ಗಾಳಿ, ಮಳೆಗಾಲದ ತೇವ ಎರಡೂ ಇರುವ ಊರಿನಲ್ಲಿ ಅವು ಉಳಿದಿರುವುದೇ ದೊಡ್ಡದು, 1990ರ ದಶಕದಲ್ಲಿ ಜೀರ್ಣೋದ್ಧಾರವೂ ನಡೆದಿದೆ. ಒಳಗೆ ಫೋಟೊ ತೆಗೆಯುವಂತಿಲ್ಲ. ಒಳ್ಳೆಯದೇ ಆಯಿತು. ಬೆಂಚಿನ ಮೇಲೆ ಕೂತು ಕತ್ತೆತ್ತಿ, ಹತ್ತು ನಿಮಿಷ ಸುಮ್ಮನೆ ನೋಡಿ. ಚಪ್ಪಟೆಯಾದ ಗೋಡೆಯ ಮೇಲೆ ಉಬ್ಬಿನ ಕಂಬ, ಕಮಾನುಗಳೆಂದು ಕಾಣುವುದರಲ್ಲಿ ಎಷ್ಟೋ ಬರೀ ಬಣ್ಣ ಎಂಬುದು ನಿಧಾನವಾಗಿ ಗೊತ್ತಾಗುತ್ತದೆ.

ಮಧ್ಯಾಹ್ನಕ್ಕೆ ಇನ್ನೊಂದು ಆಯ್ಕೆ ವಾಮಂಜೂರಿನ ಪಿಲಿಕುಳ. 2018ರಲ್ಲಿ ಶುರುವಾದ ತ್ರಿಡಿ ತಾರಾಲಯ, ವಿಜ್ಞಾನ ಕೇಂದ್ರ ಸೂರಿನ ಕೆಳಗಿವೆ, ಮೃಗಾಲಯಕ್ಕೆ ಮಾತ್ರ ಬಿಸಿಲು ಇಳಿದ ಮೇಲೆ ಹೋಗಿ. ಸೋಮವಾರ ರಜೆ ಎಂಬುದನ್ನು ಮರೆತು ಹೋಗಿ ಗೇಟಿನಿಂದ ಹಿಂದಿರುಗುವವರು ಬಹಳ. ಬಿಜೈಯ ಶ್ರೀಮಂತಿ ಬಾಯಿ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಸೋಮವಾರವೇ ರಜೆ.

ದೇವಸ್ಥಾನಗಳನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬಾರದು. ಹೆಚ್ಚಿನವು ಮಧ್ಯಾಹ್ನದ ಪೂಜೆ ಮುಗಿದ ಮೇಲೆ ಬಾಗಿಲು ಹಾಕಿ ಸಂಜೆ ತೆರೆಯುತ್ತವೆ, ತೆರೆದಿದ್ದರೂ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಬರುವುದು ಶಿಕ್ಷೆ. ಕದ್ರಿ ಮಂಜುನಾಥನ ಸನ್ನಿಧಿಗೆ ಬೆಳಿಗ್ಗೆ ಏಳಕ್ಕೆ ಹೋಗಿ. ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಆಳುಪ ಅರಸ ಕುಂದವರ್ಮನ ಶಾಸನವಿದೆ, ಕಾಲ ಕ್ರಿ.ಶ. 968. ಸಾವಿರ ವರ್ಷ ದಾಟಿದ ಆ ಕಂಚಿನ ಮುಖದ ನಯ ನೋಡಲು ಬೆಳಗಿನ ಜನವಿಲ್ಲದ ಹೊತ್ತೇ ಬೇಕು. ಹಿಂದೆ ಮೆಟ್ಟಿಲು ಹತ್ತಿದರೆ ಕೆರೆಗಳು, ಅದರ ಮೇಲೆ ಜೋಗಿ ಮಠ. ಕುದ್ರೋಳಿ ಗೋಕರ್ಣನಾಥೇಶ್ವರ ಸಂಜೆ ದೀಪ ಹಚ್ಚಿದ ಮೇಲೆ ಚೆಂದ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಈ ಕ್ಷೇತ್ರದ ದಸರಾಕ್ಕೆ ಬರುವವರು ಒಂದು ಮಾತು ನೆನಪಿಡಬೇಕು, ಮೆರವಣಿಗೆಯ ರಾತ್ರಿ ಲಾಲ್‌ಬಾಗ್, ಕೆ.ಎಸ್. ರಾವ್ ರಸ್ತೆ, ಹಂಪನಕಟ್ಟೆ ಸುತ್ತ ವಾಹನ ಓಡಿಸುವ ಆಸೆ ಬಿಡಬೇಕು. ನಡೆದು ಹೋಗುವಷ್ಟು ಹತ್ತಿರ ರೂಮು ಮಾಡಿದವರಿಗೆ ಮಾತ್ರ ಹುಲಿವೇಷದ ತಾಸೆ ಪೆಟ್ಟು ಮನದಣಿಯೆ ಕೇಳಲು ಸಿಗುತ್ತದೆ.

ಧಕ್ಕೆಗೆ ಹೋಗುವವರು ಆರು ಗಂಟೆಯೊಳಗೆ ಅಲ್ಲಿರಬೇಕು. ಬೋಟುಗಳಿಂದ ಬುಟ್ಟಿಗಳು ಇಳಿಯುವುದು, ಹರಾಜು ಕೂಗುವುದು, ಐಸ್ ಪುಡಿ ಮಾಡುವುದು ಎಲ್ಲ ಒಟ್ಟಿಗೆ ನಡೆಯುತ್ತಿರುತ್ತದೆ. ನೆಲ ಜಾರುತ್ತದೆ, ಹಿಡಿತವಿರುವ ರಬ್ಬರ್ ಚಪ್ಪಲಿ ಹಾಕಿ. ತಲೆಹೊರೆ ಹೊತ್ತು ಬರುವವರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲಿ, ಅವರು ನಿಮಗಾಗಿ ನಿಂತರೆ ಹಿಂದಿನ ಸಾಲೆಲ್ಲ ನಿಲ್ಲಬೇಕಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಧಕ್ಕೆಯಲ್ಲಿ ಬೋಟುಗಳು ಒತ್ತೊತ್ತಾಗಿ ಕಟ್ಟಿ ನಿಂತಿರುತ್ತವೆ, ಹೋಟೆಲಿನ ಮೀನಿನ ದರ ಏರಿರುತ್ತದೆ, ಬಹಳಷ್ಟು ಮೀನು ಹೊರಗಿನಿಂದ ಬಂದದ್ದು. ತಾಜಾ ಮೀನಿನ ಆಸೆಯಿಂದ ಬರುವವರು ಸೆಪ್ಟೆಂಬರ್ ನಂತರ ಬನ್ನಿ. ಹೋಟೆಲಿನಲ್ಲಿ ಮೀನೂಟಕ್ಕೆ ಒಂದು ದರ, ಅದರ ಜೊತೆ ತೆಗೆದುಕೊಳ್ಳುವ ಕಾಣೆ, ಅಂಜಲ್, ಮಾಂಜಿ ಫ್ರೈಗೆ ಮೀನಿನ ಗಾತ್ರದ ಮೇಲೆ ಬೇರೆ ದರ. ತಟ್ಟೆಯಲ್ಲಿ ಮೀನು ತಂದು ತೋರಿಸಿದಾಗಲೇ ಬೆಲೆ ಕೇಳಿ. ಬಂಗುಡೆ, ಬೂತಾಯಿ ಅಗ್ಗ, ರುಚಿಯಲ್ಲಿ ಯಾವುದಕ್ಕೂ ಕಡಿಮೆಯಲ್ಲ.

ಹೊಳೆ ದಾಟುವ ಮೂರು ದಾರಿಗಳಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಸುಲ್ತಾನ್ ಬತ್ತೇರಿಯ ದೋಣಿ. ಬೋಳೂರಿನ ಈ ಕಾವಲು ಬುರುಜು ಟಿಪ್ಪು ಸುಲ್ತಾನ್ ಕಾಲದ್ದು, 1784ರದ್ದು, ಪೂರ್ತಿ ಕಪ್ಪುಗಟ್ಟಿದ ಕಲ್ಲು. ಹೊಳೆಯ ಬಾಯಿಂದ ಒಳಗೆ ಬರುವ ಹಡಗುಗಳ ಮೇಲೆ ಕಣ್ಣಿಡಲು ಕಟ್ಟಿದ್ದು ಎಂಬುದು ಮೇಲೆ ಹತ್ತಿ ನಿಂತರೆ ತಾನಾಗಿ ಅರ್ಥವಾಗುತ್ತದೆ. ಅದರ ಪಕ್ಕದ ಕಟ್ಟೆಯಿಂದ ತಣ್ಣೀರುಬಾವಿಗೆ ದೋಣಿ. ಹೊಳೆ ದಾಟಲು ಐದಾರು ನಿಮಿಷ ಸಾಕು, ಜನ ತುಂಬುವವರೆಗೆ ಕಾಯುವ ಹೊತ್ತೇ ಅದಕ್ಕಿಂತ ಹೆಚ್ಚು. ಅಂಚಿನಿಂದ ಒಳಗೆ ಜಿಗಿಯಬೇಡಿ. ಒಂದು ಕಾಲು ದೋಣಿಯ ನಡುವಿಗೆ ಇಟ್ಟು, ಮೈಭಾರ ಪೂರ್ತಿ ಅದರ ಮೇಲೆ ಹಾಕಿ, ಆಮೇಲೆ ಇನ್ನೊಂದು ಕಾಲು ಎತ್ತಿ. ಅಂಚಿನ ಮೇಲೆ ತುಳಿದರೆ ದೋಣಿ ಹಿಂದಕ್ಕೆ ಸರಿಯುತ್ತದೆ, ಒಂದು ಕಾಲು ದಡದಲ್ಲಿ ಒಂದು ಕಾಲು ದೋಣಿಯಲ್ಲಿ ಉಳಿಯುತ್ತದೆ. ಫೋನು ಕೈಯಲ್ಲಿ ಬೇಡ. ಲೈಫ್ ಜಾಕೆಟ್ ಕೊಟ್ಟರೆ ಹಾಕಿಕೊಳ್ಳಿ, ಕೊಡದಿದ್ದರೆ ಕೇಳಿ.

ಆಚೆ ದಡದಲ್ಲಿ ಇಳಿದು ಪಡುವಣಕ್ಕೆ ನಡೆದರೆ ಮನೆಗಳು, ಗಾಳಿಮರದ ತೋಪು, ಆಮೇಲೆ ಕಡಲು. ಹೊಳೆಯೂ ಕಡಲೂ ಎಷ್ಟು ಹತ್ತಿರ ಎಂಬುದು ಇಲ್ಲಿ ಕಾಲಿಗೇ ತಿಳಿಯುತ್ತದೆ. ಈ ಕಡೆ ನೀರು ಕದಡದೆ ಮಲಗಿದೆ, ಸ್ವಲ್ಪ ನಡೆದರೆ ಆ ಕಡೆ ಅಲೆಯ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಕೊನೆಯ ದೋಣಿ ಎಷ್ಟಕ್ಕೆ ಎಂಬುದನ್ನು ಹೋಗುವಾಗಲೇ ನಾವಿಕರ ಹತ್ತಿರ ಕೇಳಿಟ್ಟುಕೊಳ್ಳಬೇಕು. ಸೂರ್ಯ ಮುಳುಗಿದ ಮೇಲೆ ಹೆಚ್ಚು ಹೊತ್ತು ಓಡುವುದಿಲ್ಲ. ತಪ್ಪಿದರೆ ಕೂಳೂರು ಸುತ್ತಿ ರಸ್ತೆಯಲ್ಲಿ ಬರಬೇಕು, ಆ ಬದಿಗೆ ಬಸ್ಸು ಅಪರೂಪ, ಆಟೊ ಸಿಗುವುದೂ ಕಷ್ಟ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿಯುವಾಗ ದೋಣಿ ನಿಲ್ಲಿಸುತ್ತಾರೆ. ಹಳೆ ಬಂದರಿನಿಂದ ಬೆಂಗ್ರೆಗೂ ದೋಣಿಗಳಿವೆ. ಅವು ಅಲ್ಲಿನ ಜನರ ದಿನದ ಸಂಚಾರಕ್ಕೆ, ಶಾಲೆ ಮಕ್ಕಳು, ಕೆಲಸಕ್ಕೆ ಹೋಗುವವರು ಹತ್ತುವ ಹೊತ್ತಿನಲ್ಲಿ ಸೀಟು ಅವರಿಗೇ ಬಿಡಿ.

ಪಣಂಬೂರಿಗೆ ಬಸ್ಸಿನಲ್ಲಿ ಹೋದರೆ ಹೆದ್ದಾರಿಯಲ್ಲಿ ಇಳಿದು ಬೀಚಿನವರೆಗೆ ಒಂದೂವರೆ ಕಿಲೋಮೀಟರ್ ಸುಮಾರು ನಡೆಯಬೇಕು. ಅದರ ಬಡಗಣ ಬದಿಗೆ ನವ ಮಂಗಳೂರು ಬಂದರು, ಹಡಗುಗಳು ಒಳಗೆ ಹೊರಗೆ ಹೋಗುವುದು ದಡದಿಂದಲೇ ಕಾಣುತ್ತದೆ. ಜೀವರಕ್ಷಕರು ಇರುವ ಬೀಚು ಇದು, ಮಕ್ಕಳಿರುವ ಕುಟುಂಬಗಳಿಗೆ ಇದೇ ವಾಸಿ. ಸೋಮೇಶ್ವರ ನೋಡಲು ಇದಕ್ಕಿಂತ ಎಷ್ಟೋ ಪಾಲು ಚೆಂದ, ದೇವಸ್ಥಾನದ ಕೆಳಗಿನ ರುದ್ರಶಿಲೆಯ ಬಂಡೆಗಳಿಗೆ ಅಲೆ ಬಡಿಯುವುದನ್ನು ಗಂಟೆಗಟ್ಟಲೆ ನೋಡಬಹುದು. ನೀರಿಗೆ ಇಳಿಯುವುದು ಮಾತ್ರ ಬೇಡವೇ ಬೇಡ. ಬಂಡೆಗಳ ಮೇಲೆ ಪಾಚಿ, ಅದರ ಸುತ್ತ ಸೆಳೆತ. ಫ್ಯಾಮಿಲಿ ಫೋಟೊಗೆಂದು ಕೊನೆಯ ಬಂಡೆಯವರೆಗೆ ಹೋದವರು ಹಿಂದಿರುಗದ ಸುದ್ದಿ ಇಲ್ಲಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಏಳು ಸಣ್ಣ ಅಲೆ ಬಂದ ಮೇಲೆ ಒಂದು ದೊಡ್ಡದು ಎಂಬ ಲೆಕ್ಕವನ್ನೂ ನಂಬಬೇಡಿ, ದೊಡ್ಡ ಅಲೆಗೆ ಯಾವ ಲೆಕ್ಕವೂ ಇಲ್ಲ.

ಸೆಳೆತ ಹೇಗೆ ಗುರುತಿಸುವುದು ಎಂಬುದನ್ನು ಕಡಲು ಕಾಣದ ಊರಿನಿಂದ ಬರುವವರೆಲ್ಲ ತಿಳಿದಿರಬೇಕು. ದಡಕ್ಕೆ ಬಂದು ಒಡೆದ ಅಲೆಗಳ ನೀರು ಹಿಂದಕ್ಕೆ ಹೋಗಲು ಒಂದು ಕಿರಿದಾದ ದಾರಿ ಹುಡುಕಿಕೊಳ್ಳುತ್ತದೆ. ಆ ದಾರಿಯಲ್ಲಿ ತಳ ಆಳವಾಗಿರುವುದರಿಂದ ಅಲೆ ಒಡೆಯುವುದಿಲ್ಲ, ನೊರೆ ಇರುವುದಿಲ್ಲ, ಬಣ್ಣ ಸ್ವಲ್ಪ ಕಪ್ಪು. ಅಕ್ಕಪಕ್ಕದಲ್ಲಿ ಅಲೆ ಅಬ್ಬರಿಸುತ್ತಿರುವಾಗ ನಡುವೆ ಒಂದು ಜಾಗ ಮಾತ್ರ ತಣ್ಣಗೆ ಕಂಡರೆ, ಈಜು ಬಾರದವರು ಅಲ್ಲೇ ಸುರಕ್ಷಿತ ಎಂದುಕೊಂಡು ಇಳಿಯುತ್ತಾರೆ. ಅದೇ ಸೆಳೆತ. ಸಿಕ್ಕಿಕೊಂಡರೆ ದಡದ ಕಡೆ ನೇರವಾಗಿ ಈಜಬಾರದು, ಎಂಥ ಈಜುಗಾರನೂ ಅದರ ಎದುರು ಸೋಲುತ್ತಾನೆ. ತೇಲುತ್ತಾ, ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿದರೆ ಕೆಲವು ಮೀಟರ್‌ಗಳಲ್ಲಿ ಸೆಳೆತದಿಂದ ಹೊರಗೆ ಬರಬಹುದು, ಅಲ್ಲಿಂದ ಅಲೆಯೇ ದಡಕ್ಕೆ ತಳ್ಳುತ್ತದೆ. ಈಜು ಬಾರದವರಿಗೆ ಒಂದೇ ನಿಯಮ: ಮೊಣಕಾಲಿನ ಮೇಲೆ ನೀರು ಬರಬಾರದು. ಹಿಂದಿರುಗುವ ಅಲೆ ಪಾದದ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುವುದರಿಂದ ಮೊಣಕಾಲುದ್ದ ನೀರು ಕ್ಷಣದಲ್ಲಿ ಸೊಂಟದವರೆಗೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲನ್ನು ದೂರದಿಂದ ನೋಡಬೇಕು, ಅಷ್ಟೇ.

ಬರುವ ದಾರಿಯ ಬಗ್ಗೆ ಎರಡು ಮಾತು. ಊರಿಗೆ ಎರಡು ರೈಲು ನಿಲ್ದಾಣ: ಪೇಟೆಯ ಮಧ್ಯದ ಮಂಗಳೂರು ಸೆಂಟ್ರಲ್, ಪಡೀಲಿನ ಹತ್ತಿರದ ಮಂಗಳೂರು ಜಂಕ್ಷನ್. ಸೆಂಟ್ರಲ್‌ನಲ್ಲಿ ಹಳಿ ಮುಗಿದುಹೋಗುತ್ತದೆ. ಕೇರಳದಿಂದ ಕೊಂಕಣ ದಾರಿಯಲ್ಲಿ ಮುಂಬೈ ಕಡೆ ಹೋಗುವ ರೈಲು ಅಲ್ಲಿಗೆ ಬಂದರೆ ಎಂಜಿನ್ ಆಚೆ ತುದಿಗೆ ಜೋಡಿಸಿ ಹಿಂದಿರುಗಬೇಕು, ಆದ್ದರಿಂದ ಅಂಥ ರೈಲುಗಳು ಜಂಕ್ಷನ್‌ನಲ್ಲೇ ನಿಂತು ಮುಂದೆ ಹೋಗುತ್ತವೆ. ಟಿಕೆಟ್ ಮೇಲಿನ ಹೆಸರು ಓದದೆ ಸೆಂಟ್ರಲ್‌ನಲ್ಲಿ ಕಾದು ರೈಲು ತಪ್ಪಿಸಿಕೊಂಡರೆ ಐದಾರು ಕಿಲೋಮೀಟರ್ ದಾಟಿ ಹಿಡಿಯಲಾಗುವುದಿಲ್ಲ. ಬೆಂಗಳೂರಿನಿಂದ ಬರುವವರು ಒಮ್ಮೆಯಾದರೂ ಹಗಲು ರೈಲಿನಲ್ಲಿ ಬನ್ನಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ 55 ಕಿಲೋಮೀಟರ್‌ನಲ್ಲಿ 57 ಸುರಂಗಗಳು, ನಿಧಾನ ವೇಗ, ನೋಡಿದಷ್ಟೂ ಮುಗಿಯದ ಕಾಡು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆಯೂ ಹಳಿಯೂ ಮುಚ್ಚುವುದುಂಟು, ಹೊರಡುವ ದಿನ ಬೆಳಿಗ್ಗೆ ಸುದ್ದಿ ನೋಡಿಕೊಳ್ಳಿ. ವಿಮಾನ ನಿಲ್ದಾಣ ಕೆಂಜಾರಿನ ಗುಡ್ಡದ ಮೇಲಿದೆ, ಬಜ್ಪೆಯ ಬಸ್ಸು ಟರ್ಮಿನಲ್ ಬಾಗಿಲವರೆಗೆ ಬರುವುದಿಲ್ಲ, ಲಗೇಜು ಇದ್ದವರು ಟ್ಯಾಕ್ಸಿ ಮಾಡಿ.

ಉಳಿಯಲು ಹಂಪನಕಟ್ಟೆ, ಬಂಟ್ಸ್ ಹಾಸ್ಟೆಲ್, ಫಳ್ನೀರ್ ಸುತ್ತ ರೂಮು ಮಾಡಿದರೆ ಎರಡೂ ಹೊಳೆಗಳಿಗೆ ದಾರಿ ಸಲೀಸು. ಕಡಲ ಸದ್ದು ಕೇಳುತ್ತಾ ಮಲಗಬೇಕು ಎಂಬ ಆಸೆಯಿದ್ದರೆ ಉಳ್ಳಾಲ, ಸೋಮೇಶ್ವರ ಅಥವಾ ಸುರತ್ಕಲ್ ಕಡೆ ನೋಡಿ, ಆದರೆ ಆಗ ಆ ದಿಕ್ಕಿಗಷ್ಟೇ ನಿಮ್ಮ ಊರು ಎಂದು ಒಪ್ಪಿಕೊಳ್ಳಬೇಕು.

ಹೊರಡುವ ದಿನ ಕಡಲು ನೋಡಿಕೊಂಡೇ ರಾತ್ರಿ ಬಸ್ಸು ಹತ್ತುವ ಯೋಜನೆಯಿದ್ದರೆ ಬಡಗಣದ ಹೊಳೆಯನ್ನು ಆರಿಸಿಕೊಳ್ಳಿ. ಕೆಎಸ್ಆರ್‌ಟಿಸಿ ನಿಲ್ದಾಣ ಇರುವುದು ಬಿಜೈಯಲ್ಲಿ, ಸ್ಟೇಟ್‌ಬ್ಯಾಂಕ್‌ನಲ್ಲಿ ಅಲ್ಲ. ಪಣಂಬೂರಿನಿಂದ ಬರುವ ಸಿಟಿ ಬಸ್ಸಿನಲ್ಲಿ ಕೊನೆಯವರೆಗೆ ಕೂತು ಪೇಟೆಯ ಸಂದಣಿಯಲ್ಲಿ ಸಿಕ್ಕಿಕೊಳ್ಳುವ ಬದಲು ಲಾಲ್‌ಬಾಗ್‌ನಲ್ಲಿ ಇಳಿದರೆ ಹತ್ತು ನಿಮಿಷದೊಳಗೆ ನಡೆದು ನಿಲ್ದಾಣ ತಲಪಬಹುದು. ತೆಂಕಣದಿಂದ ಬರುವುದಾದರೆ ಪಂಪ್‌ವೆಲ್ ಕಡೆಯ ಸಂದಣಿಗೆಂದೇ ಮುಕ್ಕಾಲು ತಾಸು ಹೆಚ್ಚು ಇಟ್ಟುಕೊಳ್ಳಿ. ಖಾಸಗಿ ಬಸ್ಸಿನ ಟಿಕೆಟ್ ಆದರೆ ಹತ್ತುವ ಜಾಗ ಬಂಟ್ಸ್ ಹಾಸ್ಟೆಲ್ಲೋ, ಜ್ಯೋತಿಯೋ, ಪಂಪ್‌ವೆಲ್ಲೋ ಎಂದು ಮೊದಲೇ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ, ಬೆಂಗಳೂರಿನ ಬಸ್ಸಾದರೆ ಪಂಪ್‌ವೆಲ್‌ನಲ್ಲೇ ಹತ್ತುತ್ತೇವೆ ಎಂದು ಕೇಳಿಕೊಂಡರೆ ಉಳ್ಳಾಲದ ಕಡೆಯಿಂದ ಬರುವವರು ಪೇಟೆಯೊಳಗೆ ಹೋಗಬೇಕಾಗಿಯೇ ಇಲ್ಲ.